ಸೈಡ್ ಕ್ಯಾಮೆರಾ ಎಲ್ಲಿ ಕೂರಿಸಿದ್ದೀರಿ? ಗೋಡೆ ಕೊರೆಯುವ ಮೊದಲು ಕೇಳುತ್ತಿದ್ದೇನೆ

ನಮ್ಮದು ಒಂಬತ್ತು ಮೀಟರ್ ಉದ್ದದ ಮೋಟರ್‌ಹೋಮ್, ಅಂದರೆ ಒಳಗೇ ವಾಸ ಮಾಡುವಂಥ ಗಾಡಿ. ಲೇನ್ ಬದಲಿಸುವಾಗ ಪಕ್ಕದಲ್ಲೇ ಬರುವ ಸಣ್ಣ ಕಾರು ಕನ್ನಡಿಯಲ್ಲಿ ಕಾಣುವುದಿಲ್ಲ. ಎರಡು ಸಲ ಹಾರ್ನ್ ಕೇಳಿ ಬೆಚ್ಚಿ ವಾಪಸ್ ಬಂದಿದ್ದೇನೆ. ಎರಡೂ ಬದಿಗೆ ಕ್ಯಾಮೆರಾ ತಂದಿಟ್ಟಿದ್ದೇನೆ, ಆದರೆ ಕನ್ನಡಿಯ ಕೆಳಗೋ, ಗೋಡೆಯ ಮಧ್ಯಕ್ಕೋ, ಹಿಂದಿನ ಮೂಲೆಗೋ ಅಂತ ತೀರ್ಮಾನ ಆಗುತ್ತಿಲ್ಲ. ಹಾಕಿಸಿಕೊಂಡವರು ದಯವಿಟ್ಟು ಹೇಳಿ. ಕನ್ನಡಿ ತೆಗೆದು ಬರೀ ಕ್ಯಾಮೆರಾದಲ್ಲಿ ಓಡಿಸಬಹುದಾ ಅಂತಲೂ ಒಂದು ಪ್ರಶ್ನೆ.

*

ಮುಂದೆ ಕೂರಿಸಿ, ಹಿಂದಕ್ಕೆ ನೋಡುವಂತೆ ತಿರುಗಿಸಿ. ನಾನು ಮೊದಲು ಮಾಡಿದ್ದು ಇದರ ಉಲ್ಟಾ. ಹಿಂದಿನ ಮೂಲೆಯಲ್ಲಿಟ್ಟು ಮುಂದಕ್ಕೆ ನೋಡಿಸಿದ್ದೆ, ಇಡೀ ಪಕ್ಕ ಕಾಣುತ್ತದೆ ಅನ್ನೋ ಲೆಕ್ಕ. ಪಕ್ಕವೇನೋ ಕಂಡಿತು, ಆದರೆ ಹಿಂದಿನ ಮೂಲೆಗಿಂತ ಹಿಂದೆ ಇರುವ ಕಾರು, ಅಂದರೆ ಇನ್ನೆರಡು ಕ್ಷಣದಲ್ಲಿ ನನ್ನ ಪಕ್ಕಕ್ಕೆ ಬರಲಿರುವ ಕಾರು, ಕಾಣಲೇ ಇಲ್ಲ. ಲೇನ್ ಬದಲಿಸುವವನಿಗೆ ಬೇಕಾದದ್ದೇ ಅದು. ಅಲ್ಲದೆ ಕನ್ನಡಿಯಲ್ಲಿ ಹತ್ತಿರ ಬರುತ್ತಿರುವ ಕಾರು ಮಾನಿಟರ್‌ನಲ್ಲಿ ದೂರ ಹೋಗುತ್ತಿರುವ ಹಾಗೆ ಕಾಣುತ್ತದೆ, ಆ ಗಡಿಬಿಡಿಯಲ್ಲಿ ಯೋಚಿಸುತ್ತಾ ಕೂರಲು ಆಗುವುದಿಲ್ಲ.

ಈಗ ಮುಂದಿನ ಚಕ್ರಕ್ಕಿಂತ ಸ್ವಲ್ಪ ಹಿಂದೆ, ಕಿಟಕಿಯ ಮೇಲಂಚಿಗಿಂತ ಒಂದು ಗೇಣು ಮೇಲೆ ಇದೆ. ತುಂಬಾ ಕೆಳಗಿಟ್ಟರೆ ಮಳೆಯಲ್ಲಿ ಚಕ್ರ ಎರಚುವ ಕೆಸರೆಲ್ಲಾ ಲೆನ್ಸ್ ಮೇಲೆ. ತೀರಾ ಚಾವಣಿಯ ಅಂಚಿಗೆ ಹೋದರೆ ಮರದ ಕೊಂಬೆ ಬಡಿಯುತ್ತದೆ, ಆನಿಂಗ್ (ನೆರಳಿಗೆ ಬಿಚ್ಚುವ ಬಟ್ಟೆ) ಕವಚ ಅಡ್ಡ ಬರುತ್ತದೆ. ನಿಮ್ಮ ಗಾಡಿಗೆ ಸ್ಲೈಡ್‌ಔಟ್ (ನಿಲ್ಲಿಸಿದಾಗ ಹೊರಗೆ ಚಾಚುವ ಗೋಡೆಯ ಭಾಗ) ಇದ್ದರೆ ಅದನ್ನು ಪೂರ್ತಿ ಹೊರಗೆ ಚಾಚಿ, ಬಾಗಿಲನ್ನು ಪೂರ್ತಿ ತೆರೆದು, ಎರಡೂ ಎಲ್ಲಿವರೆಗೆ ಬರುತ್ತವೆ ಅಂತ ನೋಡಿಯೇ ಜಾಗ ಗುರುತಿಸಿ.

ಕೋನ ಹೊಂದಿಸುವಾಗ ಚಿತ್ರದ ಒಳ ಅಂಚಿನಲ್ಲಿ ನಿಮ್ಮ ಗಾಡಿಯ ಗೋಡೆ ತೆಳ್ಳಗೆ ಒಂದು ಪಟ್ಟಿಯಂತೆ ಕಾಣಲೇಬೇಕು. ಅದಿಲ್ಲದಿದ್ದರೆ ಪಕ್ಕದ ಕಾರು ಎಷ್ಟು ಹತ್ತಿರ ಇದೆ ಅಂತ ಅಂದಾಜೇ ಸಿಗುವುದಿಲ್ಲ. ಕ್ಯಾಮೆರಾದ ಅಗಲ ನೋಟ ಎಲ್ಲವನ್ನೂ ಇರುವುದಕ್ಕಿಂತ ದೂರ ತೋರಿಸುತ್ತದೆ. ಹಿಂದಿನ ಚಕ್ರ ನೆಲ ಮುಟ್ಟುವ ಜಾಗ ಮತ್ತು ಹಿಂದಿನ ಮೂಲೆ, ಎರಡೂ ಚೌಕಟ್ಟಿನೊಳಗೆ ಇರಲಿ. ಹಿಂದಿನ ಚಕ್ರದ ಆಚೆ ಉದ್ದಕ್ಕೆ ಚಾಚಿಕೊಂಡ ಗಾಡಿ ತಿರುವಿನಲ್ಲಿ ಬಾಲವನ್ನು ಎದುರು ಬದಿಗೆ ಬೀಸುತ್ತದೆ. ನಾನು ಒಂದು ಕಂಬಕ್ಕೆ ಉಜ್ಜಿದ್ದು ಹಾಗೆಯೇ. ಆಕಾಶ ಮಾತ್ರ ಕಡಿಮೆ ಕಾಣಲಿ, ಜಾಸ್ತಿ ಕಂಡರೆ ಬಿಸಿಲಿನಲ್ಲಿ ರಸ್ತೆಯ ಭಾಗ ಕಪ್ಪಾಗುತ್ತದೆ.

ಕೊರೆಯುವ ಮೊದಲು ಕ್ಯಾಮೆರಾವನ್ನು ಗಟ್ಟಿ ಟೇಪಿನಿಂದ ಅಂಟಿಸಿ, ತಂತಿಯನ್ನು ಕಿಟಕಿಯಿಂದ ಒಳಗೆ ತಂದು ನೋಡಿ. ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಬ್ಬರು ಪಕ್ಕದ ಲೇನ್ ಇರುವಷ್ಟು ದೂರದಲ್ಲಿ ಹಿಂದಿನಿಂದ ಮುಂದಕ್ಕೆ ನಡೆದು ಬರಲಿ, ನೀವು ಸೀಟಿನಲ್ಲಿ ಕೂತಿರಿ. ಅವರು ಕನ್ನಡಿಯಿಂದ ಮರೆಯಾಗುವ ಹೊತ್ತಿಗೆ ಮಾನಿಟರ್‌ನಲ್ಲಿ ಇರಬೇಕು, ಮಾನಿಟರ್‌ನಿಂದ ಮರೆಯಾಗುವ ಹೊತ್ತಿಗೆ ನಿಮ್ಮ ಪಕ್ಕದ ಕಿಟಕಿಯಲ್ಲಿ ಕಾಣಬೇಕು. ನಡುವೆ ಎಲ್ಲೂ ಕಳೆದುಹೋಗಬಾರದು. ನಾನು ಇದಕ್ಕೆ ಒಂದಿಡೀ ಸಂಜೆ ಕೊಟ್ಟೆ, ಮೂರು ಜಾಗ ಬದಲಿಸಿದೆ. ಕತ್ತಲಾದ ಮೇಲೆ ಹಿಂದೆ ಒಂದು ಕಾರಿನ ಹೆಡ್‌ಲೈಟ್ ಹಾಕಿಸಿಯೂ ನೋಡಿದೆ, ಹಗಲಲ್ಲಿ ಚೆನ್ನಾಗಿದ್ದ ಜಾಗ ರಾತ್ರಿ ಬರೀ ಬಿಳಿ ಆಗಿತ್ತು.

*

ನಮ್ಮದರಲ್ಲಿ ಗೋಡೆಯ ಮೇಲಿನ ಮಾರ್ಕರ್ ಲೈಟ್ (ಗಾಡಿಯ ಅಂಚು ತೋರಿಸುವ ಸಣ್ಣ ದೀಪ) ತೆಗೆದು, ಲೈಟ್ ಮತ್ತು ಕ್ಯಾಮೆರಾ ಒಟ್ಟಿಗೇ ಇರುವಂಥದ್ದನ್ನು ಅಲ್ಲಿ ಕೂರಿಸಿದ್ದೇವೆ. ಹೊಸ ತೂತು ಇಲ್ಲ, ಹನ್ನೆರಡು ವೋಲ್ಟ್ ತಂತಿ ಅಲ್ಲೇ ಸಿಗುತ್ತದೆ. ಆದರೆ ಒಂದು ಎಚ್ಚರ: ಆ ತಂತಿಗೆ ಕರೆಂಟ್ ಬರುವುದು ಲೈಟ್ ಹಾಕಿದಾಗ ಮಾತ್ರ. ಮೊದಲ ಪ್ರಯಾಣದ ದಿನ ಹಗಲಿಡೀ ಮಾನಿಟರ್ ಕಪ್ಪು, ಕ್ಯಾಮೆರಾನೇ ಕೆಟ್ಟಿದೆ ಅಂತ ಬಿಚ್ಚಿ ಕೂತಿದ್ದೆವು. ಈಗ ಇಗ್ನಿಷನ್ ಹಾಕಿದಾಗ ಬರುವ ತಂತಿಯಿಂದ ಬೇರೆ ಲೈನ್ ಎಳೆದಿದ್ದೇವೆ.

*

ಕನ್ನಡಿಯ ಕೈ ಕೆಳಗೆ ಹಾಕಿ ಒಂದು ವರ್ಷ ಓಡಿಸಿದವನು ನಾನು. ಗೋಡೆ ಮುಟ್ಟಬೇಕಾಗಿಲ್ಲ, ಲೆನ್ಸ್ ಒರೆಸಲು ಏಣಿ ಬೇಡ, ಅದು ನಿಜ. ಆದರೆ ವೇಗ ಏರಿದರೆ ಚಿತ್ರ ನಡುಗುತ್ತದೆ. ಇಕ್ಕಟ್ಟಿನಲ್ಲಿ ಕನ್ನಡಿ ಮಡಚಿ ತೆರೆದಾಗಲೆಲ್ಲಾ ಕೋನ ಸ್ವಲ್ಪ ಜರುಗುತ್ತದೆ. ಚಿಕ್ಕ ಗಾಡಿಗೆ ನಡೆಯುತ್ತದೆ. ಒಂಬತ್ತು ಮೀಟರಿಗೆ ಗೋಡೆಯೇ ಸರಿ ಅಂತ ನನಗೆ ಅನಿಸುತ್ತದೆ.

ಗೋಡೆ ಅಂದಮೇಲೆ ನೀರಿನ ವಿಷಯ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಹಳಷ್ಟು ಮೋಟರ್‌ಹೋಮ್‌ಗಳ ಗೋಡೆ ಎಂದರೆ ಹೊರಗೆ ಫೈಬರ್‌ಗ್ಲಾಸ್, ಒಳಗೆ ಫೋಮ್ ಮತ್ತು ತೆಳು ಪ್ಲೈವುಡ್ ಅಂಟಿಸಿದ ಪದರ. ಒಂದು ತೂತಿನಿಂದ ತೇವ ಇಳಿದರೆ ಅಂಟು ಬಿಟ್ಟು ಗೋಡೆ ಗುಳ್ಳೆಯಂತೆ ಉಬ್ಬುತ್ತದೆ. ನನ್ನ ಪರಿಚಯದವರ ಗಾಡಿಗೆ ಕೆಲಸ ಮಾಡಿದವರು ಸುಮ್ನೆ ಸುತ್ತ ಒಂದಿಷ್ಟು ಸಿಲಿಕಾನ್ ಹಚ್ಚಿ ಬಿಟ್ಟಿದ್ದರು, ಎರಡು ಮಳೆಗಾಲಕ್ಕೆ ಪ್ಲೈವುಡ್ ಕೈಯಲ್ಲಿ ಪುಡಿಯಾಯಿತು. ನಾನು ಮಾಡಿದ್ದು ಹೀಗೆ. ತೂತನ್ನು ಹೊರಗಿನ ಕಡೆಗೆ ಸ್ವಲ್ಪ ಇಳಿಜಾರಾಗಿ ಕೊರೆದು, ಆ ತೂತಿನ ಒಳಮೈಗೆ ಸೀಲಂಟ್ ತುಂಬಿ, ತಂತಿಗೆ ರಬ್ಬರ್ ಬುಷ್ ಹಾಕಿ, ಕ್ಯಾಮೆರಾ ತಳಕ್ಕೆ ಬ್ಯುಟೈಲ್ ಟೇಪ್ (ನೀರು ತಡೆಯುವ ಜಿಗುಟು ಪಟ್ಟಿ) ಇಟ್ಟು ಸ್ಕ್ರೂ ಬಿಗಿದೆ. ತಂತಿ ಹೊರಗೆ ಕಾಣುವ ಕಡೆ ತೂತಿಗಿಂತ ಕೆಳಗೆ ಒಂದು ಬಾಗು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಗಾಡಿಯನ್ನು ಒತ್ತಡದ ನೀರಿನಿಂದ ತೊಳೆಸುವವರಾದರೆ ಕ್ಯಾಮೆರಾ ಮೇಲೆ ಐಪಿ69ಕೆ (ರಭಸದ ನೀರು ತಡೆಯುವ ಮಟ್ಟ) ಅಂತ ಇದೆಯಾ ನೋಡಿ, ಐಪಿ67 ಎಂಬುದು ನೀರಲ್ಲಿ ಮುಳುಗುವುದರ ಲೆಕ್ಕ, ಪಂಪಿನ ರಭಸದ ಲೆಕ್ಕವಲ್ಲ.

ಕನ್ನಡಿ ತೆಗೆಯುವ ಮಾತು ಬಿಟ್ಟುಬಿಡಿ. ಕನ್ನಡಿಯ ಬದಲು ಕ್ಯಾಮೆರಾ ಒಪ್ಪುವ ಕಡೆಗಳಲ್ಲೂ ಅದಕ್ಕೆಂದೇ ಪರೀಕ್ಷೆ ಆದ ಕ್ಯಾಮೆರಾ-ಮಾನಿಟರ್ ಜೋಡಿಗೆ ಮಾತ್ರ ಅನುಮತಿ. ನಾವು ತಂದು ಅಂಟಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ.

*

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಟೇಪ್ ಹಚ್ಚಿ ನೋಡಿದೆ, ಕಿಟಕಿಯ ಮೇಲಿನ ಜಾಗವೇ ಸರಿ ಬಂತು. ಎರಡು ತೊಂದರೆ ಉಳಿದಿವೆ. ಇಂಡಿಕೇಟರ್ ಹಾಕಿದಾಗ ಆ ಬದಿಯ ಚಿತ್ರ ಬರಲಿ ಅಂತ ಮಾನಿಟರ್‌ನ ಟ್ರಿಗರ್ ತಂತಿಯನ್ನು ಇಂಡಿಕೇಟರ್ ತಂತಿಗೆ ಜೋಡಿಸಿದ್ದೇನೆ, ಆದರೆ ಇಂಡಿಕೇಟರ್ ಮಿನುಗಿದ ಹಾಗೆಲ್ಲಾ ಚಿತ್ರವೂ ಬಂದು ಹೋಗುತ್ತದೆ. ಇನ್ನೊಂದು, ಬಲಗಡೆಯ ಚಿತ್ರದಲ್ಲಿ ನನ್ನ ಗೋಡೆ ಬಲ ಅಂಚಿನಲ್ಲಿ ಕಾಣುತ್ತಿದೆ.

*

ಎರಡನೆಯದು ಸುಲಭ. ಚಿತ್ರ ಕನ್ನಡಿಯಂತೆ ತಿರುಗಿಲ್ಲ ಅಷ್ಟೇ. ಮಾನಿಟರ್ ಸೆಟ್ಟಿಂಗ್‌ನಲ್ಲಿ ಮಿರರ್ ಅಂತ ಇರುತ್ತದೆ, ಕೆಲವು ಕ್ಯಾಮೆರಾಗಳಲ್ಲಿ ಅದಕ್ಕೆಂದು ಸಣ್ಣ ತಂತಿಯ ಕುಣಿಕೆ ಇರುತ್ತದೆ, ಕತ್ತರಿಸಬೇಕು. ಗೋಡೆ ಎಡ ಅಂಚಿಗೆ ಬಂದರೆ ಸರಿ. ಮಿನುಗುವುದಕ್ಕೆ ಮಾನಿಟರ್‌ನಲ್ಲಿ ಟ್ರಿಗರ್ ಡಿಲೇ (ಸಿಗ್ನಲ್ ಹೋದ ಮೇಲೂ ಚಿತ್ರ ಹಿಡಿದಿಡುವ ಸೆಟ್ಟಿಂಗ್) ಇದೆಯಾ ಹುಡುಕಿ, ಒಂದೆರಡು ಸೆಕೆಂಡ್ ಇಟ್ಟರೆ ಚಿತ್ರ ನಿಲ್ಲುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ನಡುವೆ ಅದೇ ಕೆಲಸ ಮಾಡುವ ಒಂದು ಟೈಮ್ ಡಿಲೇ ರಿಲೇ ಹಾಕಿಸಿ. ಅದಾದ ಮೇಲೆ ಹಜಾರ್ಡ್ ಲೈಟ್ ಹಾಕಿ ನೋಡುವುದನ್ನು ಮರೆಯಬೇಡಿ, ಎರಡೂ ಬದಿಯ ಸಿಗ್ನಲ್ ಒಟ್ಟಿಗೇ ಬಂದಾಗ ನಿಮ್ಮ ಮಾನಿಟರ್ ಯಾವ ಬದಿ ತೋರಿಸುತ್ತದೆ ಅಂತ ನಿಂತಿದ್ದಾಗಲೇ ಗೊತ್ತಿರಲಿ.