ನೀರಿನ ಜೀರುಂಡೆಗಳೆರಡೂ ಒಂದೇ ಕೊಂಬೆಗೆ ಬರ್ತಿವೆ, ತಪ್ಪೆಲ್ಲಿ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ಊರ ಕೆರೆ, ಗದ್ದೆ, ಕೊಟ್ಟಿಗೆ ಸುತ್ತ ಹಿಡಿದ ಎಂಟು ಜೀರುಂಡೆಗಳ ಅಂಗರಚನೆ ನೋಡಿ ವಂಶವೃಕ್ಷ ಕಟ್ತಿದ್ದೀನಿ. ಹದಿನಾಲ್ಕು ಲಕ್ಷಣ, ಇದ್ದರೆ 1, ಇಲ್ಲದಿದ್ದರೆ 0. ಟಿಎನ್‌ಟಿಯಲ್ಲಿ (ವಂಶವೃಕ್ಷ ಲೆಕ್ಕ ಹಾಕೋ ತಂತ್ರಾಂಶ) ಓಡಿಸಿದಾಗಲೆಲ್ಲ ನೀರಿನ ಜೀರುಂಡೆಗಳಾದ ಸಿಬಿಸ್ಟರ್, ಹೈಡ್ರೊಫಿಲಸ್ ಎರಡೂ ಅಕ್ಕಪಕ್ಕ ಕೂರ್ತವೆ. ನೆಲದಲ್ಲಿ ಓಡಾಡೋ ಕ್ಯಾರಬಿಡೆ ಹೋಗಿ ಸಗಣಿ ಹುಳು ಜೊತೆ ಸೇರುತ್ತೆ. ಆದರೆ ಸಿಬಿಸ್ಟರ್, ಕ್ಯಾರಬಿಡೆ ಜೀರುಂಡೆಗಳಲ್ಲಿ ಅಡೆಫೇಗ ಅನ್ನೋ ಉಪಗಣದವು, ಉಳಿದೆರಡು ಪಾಲಿಫೇಗ ಅನ್ನೋ ಇನ್ನೊಂದು ಉಪಗಣದವು ಅಲ್ವಾ? ಮೂರು ದಿನದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ.

ಸೂಜಿಪೆಟ್ಟಿಗೆ:
ಲಕ್ಷಣಗಳ ಪಟ್ಟಿ ಹಾಕಿ. ಮುಖ್ಯವಾಗಿ ಮೀಸೆಗೆ ಏನು ಕೊಟ್ಟಿದ್ದೀರಿ?

ಕೆರೆಏರಿ:
ದೋಣಿ ಆಕಾರದ ಮೈ, ನುಣುಪು ಬೆನ್ನು, ಚಪ್ಪಟೆ ಹಿಂಗಾಲು, ಹಿಂಗಾಲಲ್ಲಿ ಈಜುಗೂದಲು, ನೀರಲ್ಲಿ ವಾಸ... ಮೀಸೆ ಎರಡಕ್ಕೂ ದಾರದ ಹಾಗೆ ಸಪೂರ.

ಸೂಜಿಪೆಟ್ಟಿಗೆ:
ಹೈಡ್ರೊಫಿಲಸ್‌ನಲ್ಲಿ ನೀವು ನೋಡಿದ್ದು ಮೀಸೆಯಲ್ಲ, ಬಾಯಿಯ ಸ್ಪರ್ಶಾಂಗ, ಪಾಲ್ಪ್. ಬಹಳ ಜನ ಇಲ್ಲೇ ಎಡವುತ್ತಾರೆ. ನಿಜವಾದ ಮೀಸೆ ಗಿಡ್ಡ, ತುದಿ ಗದೆಯಂತೆ ದಪ್ಪ, ತಲೆಯಡಿ ಮಡಚಿಕೊಂಡಿರುತ್ತೆ. ಆ ಗದೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಗಾಳಿ ಎಳೆದುಕೊಳ್ಳುತ್ತೆ. ಸಿಬಿಸ್ಟರ್ ಬಾಲದ ತುದಿ ಎತ್ತಿ ರೆಕ್ಕೆಯಡಿ ಗಾಳಿ ತುಂಬಿಕೊಳ್ಳುತ್ತೆ. ಈಜೋದೂ ಬೇರೆ: ಸಿಬಿಸ್ಟರ್ ಹಿಂಗಾಲೆರಡನ್ನೂ ಹುಟ್ಟಿನಂತೆ ಒಟ್ಟಿಗೆ ಬೀಸುತ್ತೆ, ಹೈಡ್ರೊಫಿಲಸ್ ನಡೆಯುವಂತೆ ಒಂದಾದ ಮೇಲೊಂದು. ಎರಡೂ ಬೇರೆ ಬೇರೆಯಾಗಿ ನೀರಿಗಿಳಿದವು ಅನ್ನೋದಕ್ಕೆ ಇದಕ್ಕಿಂತ ಚೆಂದದ ಸುಳಿವು ಬೇಕಾ!

ಮೈ, ಬೆನ್ನು, ಕಾಲು, ಕೂದಲು ನಾಲ್ಕೂ ಈಜಿನ ಒಂದೇ ಅಗತ್ಯಕ್ಕೆ ಒಟ್ಟಿಗೆ ಬಂದವು. ನೀವು ಒಂದೇ ಸಾಕ್ಷಿಯನ್ನು ನಾಲ್ಕು ಸಲ ಎಣಿಸಿದ್ದೀರಿ. ‘ನೀರಲ್ಲಿ ವಾಸ’ ಅಂಗರಚನೆಯೇ ಅಲ್ಲ, ತೆಗೀರಿ.

ಈಗ ಹುಳುವನ್ನು ಬಿಸಿನೀರಲ್ಲಿ ನೆನೆಸಿ ಅಂಗಾತ ಮಲಗಿಸಿ. ಹಿಂಗಾಲಿನ ಬುಡದ ಫಲಕ, ಅಂದರೆ ಕಾಕ್ಸ, ಹೊಟ್ಟೆಯ ಮೊದಲ ತಟ್ಟೆಯನ್ನು ಸೀಳಿಕೊಂಡು ಹೋಗಿದ್ದರೆ ಅದು ಅಡೆಫೇಗ. ತಟ್ಟೆ ಎಡದಿಂದ ಬಲಕ್ಕೆ ಅಖಂಡವಾಗಿದ್ದರೆ ಪಾಲಿಫೇಗ.

ಕೆರೆಏರಿ:
ನೋಡಿದೆ ಸರ್! ಸಿಬಿಸ್ಟರ್‌ನಲ್ಲಿ ಮೊದಲ ತಟ್ಟೆಯ ಎರಡು ತುಂಡು ಮಾತ್ರ ಪಕ್ಕಗಳಲ್ಲಿ ಉಳಿದಿವೆ. ಕ್ಯಾರಬಿಡೆಯಲ್ಲೂ ಹಾಗೇ. ಹೈಡ್ರೊಫಿಲಸ್‌ನಲ್ಲಿ ಸೀಳಿಲ್ಲ, ಮೀಸೆಯೂ ಕಣ್ಣಿನಡಿ ಸಿಕ್ಕಿತು. ಎದೆಯ ಮೊದಲ ಭಾಗದ ಅಡಿಯಲ್ಲಿ ಅಡೆಫೇಗದ ಎರಡಕ್ಕೂ ಒಂದು ಹೊಲಿಗೆಗೆರೆ ಇದೆ, ಅದನ್ನೂ ಸೇರಿಸಲಾ?

ಸೂಜಿಪೆಟ್ಟಿಗೆ:
ಸೇರಿಸಿ, ಆದರೆ ಅದನ್ನು ಅಡೆಫೇಗದ ಗುರುತು ಅಂತ ನಂಬಬೇಡಿ. ಆ ಗೆರೆ ಆರ್ಕೋಸ್ಟೆಮಾಟ ಅನ್ನೋ ಬೇರೊಂದು ಜೀರುಂಡೆ ಉಪಗಣದಲ್ಲೂ ಇದೆ. ಹಳೇ ಆಸ್ತಿ ಹಂಚಿಕೊಂಡ ಮಾತ್ರಕ್ಕೆ ಹತ್ತಿರದ ನೆಂಟರಾಗಲ್ಲ, ಹೊಸದಾಗಿ ಬಂದ ಲಕ್ಷಣ ಹಂಚಿಕೊಂಡಿರಬೇಕು. 1950ರಲ್ಲಿ ಜರ್ಮನ್ ಕೀಟತಜ್ಞ ಹೆನ್ನಿಗ್ ಒತ್ತಿ ಹೇಳಿದ್ದು ಇದನ್ನೇ. ಯಾವುದು ಹಳೇದು ಅಂತ ಗೊತ್ತಾಗಲು ಜೀರುಂಡೆಯಲ್ಲದ ಒಂದು ಹೊರಗುಂಪು ಬೇಕು. ಮೆಗಲಾಪ್ಟೆರ (ಹಳ್ಳದ ನೀರಲ್ಲಿ ಮರಿಹುಳು ಬೆಳೆಯೋ ಕೀಟಗಣ) ಗಣದ್ದೊಂದು ಸಿಕ್ಕರೆ ಹಾಕಿ.

ಕೆರೆಏರಿ:
ಮೀಸೆ ತಿದ್ದಿ, ಈಜಿನ ನಾಲ್ಕನ್ನು ಒಂದು ಮಾಡಿ ಓಡಿಸಿದೆ. ಹೈಡ್ರೊಫಿಲಸ್ ಸಗಣಿ ಹುಳುವಿನ ಕೊಂಬೆಗೆ ಹೋಯ್ತು, ಸಿಬಿಸ್ಟರ್ ಕ್ಯಾರಬಿಡೆ ಪಕ್ಕಕ್ಕೆ ಬಂತು. ಹೊರಗುಂಪಿಗೆ ಹಳ್ಳದ ಕಲ್ಲು ಮಗುಚೋಕೆ ಭಾನುವಾರ ಹೊರಟಿದ್ದೀನಿ.