ಯೂರಿನ್ ಪೈಪ್ ಮಾರನೇ ದಿನವೇ ತೆಗೆದರು, ಈಗ ಮತ್ತೆ ಹಾಕಿದ್ದಾರೆ. ಅವಸರ ಮಾಡಿದರಾ?

ಪ್ರಶ್ನೆ
ಅಮ್ಮನಿಗೆ 61 ವರ್ಷ. ಗರ್ಭಕೋಶ ಜಾರಿತ್ತು. ಕೆಳಗಿನಿಂದಲೇ ತೆಗೆದು, ಇಳಿದಿದ್ದ ಮೂತ್ರಕೋಶಕ್ಕೂ ಆಸರೆಯಾಗಿ ಹೊಲಿಗೆ ಹಾಕಿದ್ದಾರೆ. ಮಾರನೇ ದಿನ ಬೆಳಿಗ್ಗೆ ಪೈಪ್ ತೆಗೆದರು. ಮಧ್ಯಾಹ್ನದೊಳಗೆ ನಾಲ್ಕು ಸಲ ಬಾತ್‌ರೂಮಿಗೆ ಹೋಗಿ ಕೂತರು, ನಲ್ಲಿ ಬಿಟ್ಟುಕೊಂಡು ನೋಡಿದ್ದೂ ಆಯ್ತು, ನಾಲ್ಕು ಹನಿ ಬಿಟ್ಟರೆ ಏನೂ ಇಲ್ಲ. ಸ್ಕ್ಯಾನ್ ಮಾಡಿದರೆ ಒಳಗೆ 500 ಮಿಲಿ ನಿಂತಿದೆ. ಮತ್ತೆ ಪೈಪ್ ಹಾಕಿ, ಬ್ಯಾಗ್ ಸಮೇತ ಮನೆಗೆ ಕಳಿಸಿ, ನಾಲ್ಕು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಚಿಕ್ಕಮ್ಮನಿಗೂ ಗರ್ಭಕೋಶದ ಆಪರೇಷನ್ನೇ ಆಗಿದ್ದು, ಅವರಿಗೆ ಹತ್ತು ದಿನ ಇಟ್ಟಿದ್ದರು. ಮೊದಲೇ ಒಂದೆರಡು ದಿನ ಜಾಸ್ತಿ ಇಟ್ಟಿದ್ದರೆ ಈ ಗೋಳು ಇರುತ್ತಿರಲಿಲ್ಲ ಅಲ್ವಾ?

ಉತ್ತರ 1 (ಸರ್ಜರಿ ವಾರ್ಡ್ ನರ್ಸ್)
ಅವಸರ ಅಲ್ಲ. ಪೈಪ್ ಒಳಗಿದ್ದಷ್ಟೂ ಸೋಂಕಿನ ಭಯ, ದಿನಕ್ಕೆ 3ರಿಂದ 7% ಅಂತ ಲೆಕ್ಕ. ಅದಕ್ಕೇ ಮಾಮೂಲಿ ಆಪರೇಷನ್ ಆದರೆ 24 ಗಂಟೆಯೊಳಗೆ ತೆಗೆಯಲು ನೋಡುತ್ತೇವೆ. ಹಾಗಂತ ಥಿಯೇಟರ್‌ನಲ್ಲೇ ತೆಗೆದುಬಿಟ್ಟರೆ ಮತ್ತೆ ಹಾಕಬೇಕಾಗುವುದು ಹೆಚ್ಚು. ಕೆಳಗಿನಿಂದ ಮೂತ್ರಕೋಶಕ್ಕೆ ಹೊಲಿಗೆ ಹಾಕಿದವರಲ್ಲಿ ಆ ಜಾಗ ಊದಿಕೊಂಡಿರುತ್ತೆ, ನೋವು ಬೇರೆ, ಮೇಲೆ ನೋವಿನ ಇಂಜೆಕ್ಷನ್ನೂ ಮೂತ್ರಕೋಶವನ್ನು ಮಂಕು ಮಾಡುತ್ತೆ. ಕೆಲವರಿಗೆ ಮೊದಲ ಸಲ ಆಗೋದೇ ಇಲ್ಲ, ಎರಡನೇ ಸಲ ಬಹಳಷ್ಟು ಜನಕ್ಕೆ ಸರಾಗ. ಮುಂದಿನ ಸಲ 300 ಮಿಲಿ ಸಲೈನ್ ತುಂಬಿಸಿ ಪೈಪ್ ತೆಗೆದು, ಮಗ್‌ನಲ್ಲಿ ಅಳೆಯಬಹುದು. 200 ಬಂದರೆ ಸಾಮಾನ್ಯವಾಗಿ ಪಾಸ್.

ಉತ್ತರ 2
ನನಗೆ ಗರ್ಭಕೊರಳಿನ ಕ್ಯಾನ್ಸರ್‌ಗೆ ದೊಡ್ಡ ಆಪರೇಷನ್ ಆಗಿತ್ತು. ಮೂತ್ರಕೋಶಕ್ಕೆ ಹೋಗುವ ನರಗಳು ಅಲ್ಲೇ ಹಾದುಹೋಗುತ್ತವಂತೆ, ಹಾಗಾಗಿ ಒಂದು ವಾರ ದಾಟಿದರೂ ಪೈಪ್ ತೆಗೆಯಲಿಲ್ಲ. ತೆಗೆದ ಮೇಲೂ ತುಂಬಿದ್ದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ತೆಳ್ಳನೆ ಟ್ಯೂಬ್ ನಾನೇ ಹಾಕಿ ಖಾಲಿ ಮಾಡಿಕೊಳ್ಳುವುದನ್ನು ಕಲಿಸಿದರು. ಮೊದಲ ದಿನ ಕೈ ನಡುಗಿತು, ಕನ್ನಡಿ ಇಟ್ಟುಕೊಂಡರೂ ಜಾಗ ಸಿಗಲಿಲ್ಲ, ಅತ್ತುಬಿಟ್ಟೆ. ವಾರದಲ್ಲಿ ಕನ್ನಡಿಯೂ ಬೇಡವಾಯ್ತು. ಚಿಕ್ಕಮ್ಮನಿಗೆ ಏನು ಆಗಿತ್ತು ಅಂತ ಸರಿಯಾಗಿ ಕೇಳಿ ನೋಡಿ. ಗರ್ಭಕೋಶದ ಆಪರೇಷನ್ ಅಂದರೆ ಒಂದೇ ಥರ ಅಲ್ಲ.

ಪ್ರಶ್ನೆ ಕೇಳಿದವರು
ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಆಪರೇಷನ್ ಮಾಡುವಾಗ ಮೂತ್ರಕೋಶಕ್ಕೇ ಗಾಯವಾಗಿ ಹೊಲಿಗೆ ಹಾಕಿದ್ದರಂತೆ! ಇಷ್ಟು ವರ್ಷ ನಮಗ್ಯಾರಿಗೂ ಹೇಳಿರಲಿಲ್ಲ.

ಉತ್ತರ 3 (ಸ್ತ್ರೀರೋಗ ವೈದ್ಯೆ)
ಹಾಗಾದರೆ ಹತ್ತು ದಿನ ಸರಿಯಾಗೇ ಇದೆ. ಆ ಹೊಲಿಗೆ ಮಾಯುವವರೆಗೆ ಮೂತ್ರಕೋಶ ಉಬ್ಬಬಾರದು, ಅದಕ್ಕೆ 7ರಿಂದ 14 ದಿನ ಇಡುವುದು ವಾಡಿಕೆ. ಅಮ್ಮನ ವಿಷಯಕ್ಕೆ ಬಂದರೆ, ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಪೈಪ್ ಮಡಚಿಕೊಳ್ಳದಿರಲಿ. ಮಲಬದ್ಧತೆ ಆಗಲು ಬಿಡಬೇಡಿ, ಮೂತ್ರ ಕಟ್ಟಲು ಅದೂ ಕಾರಣ, ಆದರೆ ಯಾರೂ ಅದನ್ನು ಕೇಳುವುದೇ ಇಲ್ಲ. ಅಭ್ಯಾಸ ಆಗಲಿ ಅಂತ ಪೈಪ್‌ಗೆ ಸುಮ್ನೆ ಕ್ಲಿಪ್ ಹಾಕಬೇಡಿ. ಎಳೆದು ತೆಗೆಯುವ ಸಾಹಸವಂತೂ ಬೇಡವೇ ಬೇಡ, ಒಳಗೆ ನೀರು ತುಂಬಿದ ಬಲೂನ್ ಇದೆ. ಚಳಿಜ್ವರ ಬಂದರೆ, ಅಥವಾ ಬ್ಯಾಗ್‌ಗೆ ಏನೂ ಇಳಿಯದಿದ್ದರೆ ನಾಲ್ಕು ದಿನ ಕಾಯದೆ ಅಂದೇ ಹೋಗಿ.

ಪ್ರಶ್ನೆ ಕೇಳಿದವರು
ಇವತ್ತು ತೆಗೆದರು. 300 ತುಂಬಿಸಿದ್ದಕ್ಕೆ 240 ಬಂತು. ಅಮ್ಮ ಮಗ್ ಹಿಡಿದುಕೊಂಡೇ ಹೊರಗೆ ಬಂದು ತೋರಿಸಿದರು.