ದಿನವಿಡೀ ಕುರ್ಚಿಯಲ್ಲಿ ಕೂರುವವರ ಪ್ರಶ್ನೆಗಳು, ಫಿಸಿಯೋಥೆರಪಿಸ್ಟ್ ಉತ್ತರಗಳು

ಈ ವಾರ ಬಳಗದ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಹುಬ್ಬಳ್ಳಿಯಲ್ಲಿ ಚಿಕಿತ್ಸಾಲಯ ನಡೆಸುವ ಫಿಸಿಯೋಥೆರಪಿಸ್ಟ್. ಪ್ರಶ್ನೆ ಕೇಳಿದವರ ಹೆಸರಿನ ಬದಲು ಊರು ಮತ್ತು ಉದ್ಯೋಗವನ್ನಷ್ಟೇ ಕೊಟ್ಟಿದ್ದೇವೆ.

ಸಾಫ್ಟ್‌ವೇರ್ ಉದ್ಯೋಗಿ, ಕೆಂಗೇರಿ: ನಮಸ್ಕಾರ ಮೇಡಂ. ನನಗೆ 34 ವರ್ಷ. ಬೆಳಿಗ್ಗೆ ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತೇನೆ. ಆಮೇಲೆ ಸಂಜೆಯವರೆಗೂ ಕಂಪ್ಯೂಟರ್ ಮುಂದೆ. ವಾರದ ದಿನಗಳಲ್ಲಿ ವ್ಯಾಯಾಮಕ್ಕೆ ಸಮಯವಿಲ್ಲ. ಶನಿವಾರ, ಭಾನುವಾರ ಮಾತ್ರ ಜಿಮ್‌ನಲ್ಲಿ ಚೆನ್ನಾಗಿ ಬೆವರು ಹರಿಸುತ್ತೇನೆ. ವಾರಕ್ಕೆರಡು ದಿನದ ವ್ಯಾಯಾಮದಿಂದ ಏನೂ ಪ್ರಯೋಜನವಿಲ್ಲ ಎಂದು ಸಹೋದ್ಯೋಗಿಯೊಬ್ಬರು ತಣ್ಣೀರೆರಚಿದ್ದಾರೆ. ಹೌದೇ?

ಉತ್ತರ: ಅಲ್ಲ. ಜಿಮ್ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ ಬೇಕು. ಮಾತನಾಡಲು ಉಸಿರು ಸಾಲುತ್ತದೆ, ಹಾಡಲು ಸಾಲುವುದಿಲ್ಲ ಎಂದರೆ ಅದು ಮಧ್ಯಮ ಶ್ರಮ. ಈ ಮೊತ್ತವನ್ನು ಎರಡೇ ದಿನಗಳಲ್ಲಿ ಪೂರೈಸಿದವರಿಗೂ ವಾರವಿಡೀ ಹಂಚಿಕೊಂಡವರಿಗೂ ಹೃದಯದ ಲಾಭ ಹೆಚ್ಚುಕಡಿಮೆ ಸಮನಾಗಿತ್ತು ಎಂದು ಬ್ರಿಟನ್ನಿನ ಸುಮಾರು 90 ಸಾವಿರ ಜನರ ಚಲನೆಯನ್ನು ಮಣಿಕಟ್ಟಿನ ಉಪಕರಣದಿಂದ ಅಳೆದು ಮಾಡಿದ ಅಧ್ಯಯನ 2023ರಲ್ಲಿ ತೋರಿಸಿತು.

ಆದರೆ ನಿಮ್ಮ ಸೋಮವಾರದಿಂದ ಶುಕ್ರವಾರದವರೆಗಿನ ಕಥೆಯೇ ಬೇರೆ. ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಗಿರಾಕಿಗಳೆಂದರೆ ತೊಡೆ, ಪೃಷ್ಠ ಮತ್ತು ಮೀನಖಂಡದ ಸ್ನಾಯುಗಳು. ಸಂಕುಚಿಸುತ್ತಿರುವ ಸ್ನಾಯು, ಸಕ್ಕರೆಯನ್ನು ಜೀವಕೋಶದೊಳಗೆ ಸೇರಿಸುವ ಹಾರ್ಮೋನಾದ ಇನ್ಸುಲಿನ್‌ಗಾಗಿ ಕಾಯದೆ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕುಳಿತಾಗ ಈ ಮೂರೂ ಸುಮ್ಮನಿರುತ್ತವೆ. ವ್ಯಾಯಾಮದಿಂದ ಇನ್ಸುಲಿನ್‌ಗೆ ಸಿಗುವ ಚುರುಕು ಒಂದೆರಡು ದಿನಗಳಲ್ಲಿ ಇಳಿದುಹೋಗುವುದರಿಂದ ಭಾನುವಾರದ ಜಿಮ್ ಬುಧವಾರ ಮಧ್ಯಾಹ್ನದ ಊಟದ ಹೊತ್ತಿಗೆ ನೆರವಿಗೆ ಬರುವುದಿಲ್ಲ. ಬುಧವಾರದ ಊಟಕ್ಕೆ ನೀವು ಬುಧವಾರವೇ ಕುರ್ಚಿಯಿಂದ ಏಳಬೇಕು.

ಅದೇ ಸದಸ್ಯರು: ಎಷ್ಟು ಹೊತ್ತಿಗೊಮ್ಮೆ ಏಳಬೇಕು? ಗಡಿಯಾರದಲ್ಲಿ ಅಲಾರಂ ಇಟ್ಟುಕೊಳ್ಳಲೇ?

ಉತ್ತರ: ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಿಧಾನವಾಗಿ ನಡೆದಾಗ, ದಿನವಿಡೀ ಕುಳಿತ ದಿನಕ್ಕೆ ಹೋಲಿಸಿದರೆ, ಊಟದ ನಂತರದ ಸಕ್ಕರೆಯ ಏರಿಕೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಗಂಟೆಗೊಮ್ಮೆ ಒಂದೇ ನಿಮಿಷ ನಡೆದಾಗ ಸಕ್ಕರೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮವಾಗಲಿಲ್ಲ, ಆದರೆ ರಕ್ತದೊತ್ತಡ ಇಳಿಯಿತು. ಪಾಲ್ಗೊಂಡವರು ಕೇವಲ 11 ಜನ ಎಂಬುದನ್ನು ಮರೆಯಬೇಡಿ. ಅಂಕಿಯನ್ನು ಶಾಸನದಂತೆ ಓದದೆ, ಯಾವ ದಿಕ್ಕಿಗೆ ಬೆರಳು ತೋರಿಸುತ್ತಿದೆ ಎಂಬುದನ್ನಷ್ಟೇ ನೋಡಿ.

ಅಲಾರಂ ಬೇಡ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅದನ್ನು ಕೆಲವೇ ದಿನಗಳಲ್ಲಿ ಬಂದ್ ಮಾಡುತ್ತಾರೆ. ಕೆಲಸದ ನಡುವೆ ಗಂಟೆ ಬಾರಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಹೇಗಿದ್ದರೂ ಮಾಡಲೇಬೇಕಾದ ಕೆಲಸಕ್ಕೆ ಏಳುವುದನ್ನು ಗಂಟು ಹಾಕಿ. ಫೋನ್ ಬಂದರೆ ಎದ್ದು ನಿಂತು, ಅಡ್ಡಾಡುತ್ತಾ ಮಾತನಾಡಿ. ಮೇಜಿನ ಮೇಲೆ ಎರಡು ಲೀಟರಿನ ಬಾಟಲಿಯ ಬದಲು ಒಂದು ಲೋಟ ಇಟ್ಟುಕೊಳ್ಳಿ, ಖಾಲಿಯಾದಾಗಲೆಲ್ಲ ಏಳಲೇಬೇಕಾಗುತ್ತದೆ. ಶೌಚಾಲಯಕ್ಕೆ ಒಂದು ಮಹಡಿ ಮೇಲೆ ಹೋಗಿ. ಪಕ್ಕದ ವಿಭಾಗದವರಿಗೆ ಸಂದೇಶ ಕಳುಹಿಸದೆ ನಡೆದು ಹೋಗಿ ಕೇಳಿ. ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಎದುರು ಸಾಲು ನಿಂತಿರುವಾಗ ಪಕ್ಕದ ಮೆಟ್ಟಿಲು ಖಾಲಿ ಬಿದ್ದಿರುತ್ತದಲ್ಲ, ಅದು ನಿಮ್ಮದು.

ಬ್ಯಾಂಕ್ ಉದ್ಯೋಗಿ, ದಾವಣಗೆರೆ: ಮೇಡಂ, ಇವೆಲ್ಲ ಸಾಫ್ಟ್‌ವೇರ್‌ನವರಿಗೆ ಸರಿ. ನಾನು ನಗದು ಕೌಂಟರ್‌ನಲ್ಲಿ ಕೂರುತ್ತೇನೆ. ಎದುರಿಗೆ ಗ್ರಾಹಕರ ಸಾಲು. ಐದು ನಿಮಿಷ ಎದ್ದು ಹೋದರೆ ಜಗಳವೇ ಆಗುತ್ತದೆ. ಸೊಂಟ ನೋವು ಬೇರೆ. ಏನು ಮಾಡಲಿ?

ಉತ್ತರ: ನಿಮ್ಮ ಮಾತು ನ್ಯಾಯವಾದದ್ದೇ. ಈ ವಿಷಯದಲ್ಲಿ ಸಲಹೆ ಕೊಡುವವರಿಗೆ ಕೌಂಟರ್ ಎಂಬುದೊಂದಿದೆ ಎನ್ನುವುದೇ ಮರೆತುಹೋಗುತ್ತದೆ. ಏಳಲಾಗದಿದ್ದರೆ ಕುಳಿತಲ್ಲೇ ಕಾಲಿಗೆ ಕೆಲಸ ಕೊಡಿ. ಅಂಗಾಲಿನ ಮುಂಭಾಗವನ್ನು ನೆಲಕ್ಕೆ ಊರಿ ಹಿಮ್ಮಡಿಯನ್ನು ಎತ್ತಿ ಇಳಿಸಿ. ನೋಟು ಎಣಿಸುವ ಯಂತ್ರ ತಿರುಗುತ್ತಿರುವಾಗ ಇದನ್ನು ಮಾಡಿದರೆ ಯಾರಿಗೂ ಕಾಣಿಸುವುದಿಲ್ಲ. ಮೀನಖಂಡ ಹಿಂಡಿದಾಗಲೆಲ್ಲ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ಸಂಜೆ ಪಾದ ಊದಿ ಚಪ್ಪಲಿ ಬಿಗಿಯಾಗುವವರಿಗೆ ಇದು ಮುಖ್ಯ. ಪೃಷ್ಠವನ್ನು ಬಿಗಿಹಿಡಿದು ಸಡಿಲಿಸಿ. ನೋಟಿನ ಕಟ್ಟು ಕೊಡುವಾಗ ಆಗಾಗ ಎದ್ದು ನಿಂತೇ ಕೊಡಿ. ಕೂರುವಾಗ ದೊಪ್ಪನೆ ಬೀಳದೆ ನಿಧಾನವಾಗಿ ಇಳಿಯಿರಿ. ಹಾಗೆ ಇಳಿಯುವುದೇ ಅರ್ಧ ಬಸ್ಕಿ.

ಊಟದ ವಿರಾಮ ಮಾತ್ರ ನಿಮ್ಮದು, ಅದನ್ನು ಯಾರಿಗೂ ಬಿಟ್ಟುಕೊಡಬೇಡಿ. ಡಬ್ಬಿ ಮುಚ್ಚಿದ ಮೇಲೆ ಹತ್ತು ನಿಮಿಷ ಶಾಖೆಯ ಹೊರಗೆ ನಡೆಯಿರಿ. ಬಿಸಿಲಿದ್ದರೆ ಒಳಗೇ ಮೆಟ್ಟಿಲು ಹತ್ತಿ ಇಳಿಯಿರಿ. ಇಡೀ ದಿನದಲ್ಲಿ ನಡಿಗೆಗೆ ಅತಿ ಹೆಚ್ಚು ಬೆಲೆ ಬರುವ ಹತ್ತು ನಿಮಿಷ ಅದೇ.

ಸೊಂಟದ ಬಗ್ಗೆ: ನೇರವಾಗಿ ಕೂರಿ ಎಂದು ಎಲ್ಲರೂ ಗದರಿಸುತ್ತಾರೆ. ನೇರವಾಗಿಯೇ ಆದರೂ ಎರಡು ಗಂಟೆ ಅಲುಗದೆ ಕುಳಿತರೆ ನೋಯುತ್ತದೆ. ಒರಗಿ, ಮುಂದೆ ಬಾಗಿ, ಪಕ್ಕಕ್ಕೆ ಸರಿದು, ಭಂಗಿ ಬದಲಿಸುತ್ತಲೇ ಇರಿ. ನೋವಿನ ಜೊತೆಗೆ ಪಾದದಲ್ಲಿ ಬಲ ಕುಂದಿದರೆ, ತೊಡೆಸಂದಿಯಲ್ಲಿ ಮರಗಟ್ಟಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಆಸನ, ಎಣ್ಣೆ ಎಂದು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ನಿವೃತ್ತ ಶಿಕ್ಷಕ, ಸಾಗರ: ನಮ್ಮಜ್ಜ ಶ್ಯಾನುಭೋಗರು. ಜೀವಮಾನವೆಲ್ಲ ಚಾಪೆಯ ಮೇಲೆ ಕುಳಿತು ಲೆಕ್ಕ ಬರೆದರು. 90 ದಾಟಿ ಬದುಕಿದರು. ಕೂರುವುದೇ ರೋಗ ಎನ್ನುವ ಈಗಿನ ಗದ್ದಲ ನನಗೇಕೋ ಹಿಡಿಸುವುದಿಲ್ಲ.

ಉತ್ತರ: ಸರ್, ಗದ್ದಲ ನನಗೂ ಹಿಡಿಸುವುದಿಲ್ಲ. ಕೂರುವುದು ಸಿಗರೇಟು ಸೇದಿದಂತೆ ಎಂದು ಕೆಲವರು ಹೇಳುವುದು ಶುದ್ಧ ಅತಿರೇಕ. ಸಿಗರೇಟಿನ ಅಪಾಯ ಬಹಳ ದೊಡ್ಡದು. ಆದರೆ ನಿಮ್ಮಜ್ಜನ ಕೆಲಸವನ್ನು ಒಮ್ಮೆ ಪೂರ್ತಿಯಾಗಿ ನೆನಪಿಸಿಕೊಳ್ಳಿ. ಪಹಣಿ ಬರೆಯಲು ಗದ್ದೆ, ತೋಟ ಸುತ್ತಬೇಕು. ಜಮೀನು ಅಳೆದು ಕಂದಾಯ ಗೊತ್ತುಮಾಡುವ ಬಂದೋಬಸ್ತಿನವರು ಬಂದರೆ ಗಡಿಕಲ್ಲು ತೋರಿಸಲು ಹೋಗಬೇಕು. ತಾಲ್ಲೂಕು ಕಚೇರಿಗೆ ಎಷ್ಟೋ ಸಲ ಕಾಲ್ನಡಿಗೆಯೇ. ಇನ್ನು ಚಾಪೆ: ಅದರಿಂದ ಏಳಲು ಇಡೀ ದೇಹದ ಭಾರವನ್ನು ಕಾಲಿನಿಂದ ಎತ್ತಬೇಕು. ಚಕ್ರದ ಕುರ್ಚಿಯಲ್ಲಿ ಕಪಾಟಿನವರೆಗೂ ಉರುಳಿಕೊಂಡೇ ಹೋಗುವ ಈಗಿನ ಗುಮಾಸ್ತನಿಗೆ ಅದೂ ಇಲ್ಲ.

ಸರ್ಕಾರಿ ನೌಕರ, ಮೈಸೂರು: ಇದನ್ನು ಓದಿ ನನ್ನ ತಂದೆ ನೆನಪಾದರು. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದರು. ಕಡೆಯವರೆಗೂ ಕಡ್ಡಿಯಂತಿದ್ದರು. ಅವರ ಜೊತೆಗಿದ್ದ ಚಾಲಕರಿಗೆಲ್ಲ ಹೊಟ್ಟೆ. ಇದಕ್ಕೂ ಏನಾದರೂ ಶಾಸ್ತ್ರವಿದೆಯೇ?

ಉತ್ತರ: ಇದೆ, ಮತ್ತು ಈ ಇಡೀ ವಿದ್ಯೆ ಶುರುವಾದದ್ದೇ ಅಲ್ಲಿಂದ. ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಒಂದೇ ಬಸ್ಸು, ಒಂದೇ ದಾರಿ. ಚಾಲಕ ಪಾಳಿಯಿಡೀ ಕುಳಿತಿರುತ್ತಾನೆ, ಕಂಡಕ್ಟರ್ ಡಬಲ್ ಡೆಕ್ಕರ್‌ನ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರ್‌ಗಳಲ್ಲಿ ಕಡಿಮೆಯಿತ್ತು. ಬಂದರೂ ಸೌಮ್ಯವಾಗಿ, ತಡವಾಗಿ ಬರುತ್ತಿತ್ತು. ಅಂಚೆ ಇಲಾಖೆಯಲ್ಲಿ ನೋಡಿದರೆ ಅಲ್ಲಿಯೂ ಹಾಗೆಯೇ: ಓಡಾಡಿ ಪತ್ರ ಹಂಚುವವರು ಮೇಜಿನ ಗುಮಾಸ್ತರಿಗಿಂತ ಆರೋಗ್ಯವಂತರು.

ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ ಎನ್ನುವುದು ನನಗೆ ಇನ್ನೂ ಇಷ್ಟ. ಮೊದಲೇ ದಪ್ಪಗಿದ್ದವರು ಚಾಲಕನ ಕೆಲಸಕ್ಕೆ ಸೇರಿರಬಹುದಲ್ಲ ಎಂಬ ಸಂಶಯ ಅವರಿಗೇ ಬಂತು. ಸಂಸ್ಥೆ ಕೊಡುತ್ತಿದ್ದ ಸಮವಸ್ತ್ರದ ದಾಖಲೆ ತರಿಸಿ ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಹೌದು, ಚಾಲಕರ ಸೊಂಟ ಕಂಡಕ್ಟರ್‌ಗಳದ್ದಕ್ಕಿಂತ ದೊಡ್ಡದಿತ್ತು. ಅದನ್ನೂ ಮುಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ಮುಂದೆ ಸೊಂಟದ ಅಳತೆ ಒಂದೇ ಇದ್ದವರನ್ನು ಹೋಲಿಸಿದಾಗಲೂ ಚಾಲಕರ ಅಪಾಯವೇ ಹೆಚ್ಚೆಂದು ಕಂಡುಬಂತು. ನಿಮ್ಮ ತಂದೆ ತುಂಬಿದ ಬಸ್ಸಿನಲ್ಲಿ ಹಿಂದೆ ಮುಂದೆ ಓಡಾಡಿ ಚೀಟಿ ಹರಿದದ್ದು ವ್ಯರ್ಥವಾಗಲಿಲ್ಲ.

ಅದೇ ಸದಸ್ಯರು: ನನ್ನ ಕೈಗಡಿಯಾರ ದಿನಕ್ಕೆ 10,000 ಹೆಜ್ಜೆ ಕೇಳುತ್ತದೆ. ನನಗೆ 5,000 ದಾಟುವುದೇ ಕಷ್ಟ. ವಯಸ್ಸು 51.

ಉತ್ತರ: ಆ ಸಂಖ್ಯೆ ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಉಪಕರಣವನ್ನು ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಹೆಸರಿಟ್ಟು ಮಾರಿತು. ಈಗಿನ ಗಡಿಯಾರಗಳು ಅದನ್ನೇ ಜಪಿಸುತ್ತಿವೆ. 15 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅಕಾಲ ಮರಣದ ಅಪಾಯ 60 ದಾಟಿದವರಲ್ಲಿ 6,000ದಿಂದ 8,000 ಹೆಜ್ಜೆಯವರೆಗೆ, ಅದಕ್ಕಿಂತ ಚಿಕ್ಕವರಲ್ಲಿ 8,000ದಿಂದ 10,000ದವರೆಗೆ ಇಳಿಯುತ್ತಾ ಹೋಗಿ ಆಮೇಲೆ ಸಮನಾಗುತ್ತದೆ. ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೇ ಲಾಭ ಹೆಚ್ಚು. ಐದರಿಂದ ಏಳು ಸಾವಿರಕ್ಕೆ ಹೋಗಿ, ಆ ಮೇಲಿನದ್ದನ್ನು ಆಮೇಲೆ ನೋಡೋಣ.

ಮಾನವ ಸಂಪನ್ಮೂಲ ವಿಭಾಗ, ಬೆಂಗಳೂರು: ನಮ್ಮ ಕಂಪನಿ ಎಲ್ಲರಿಗೂ ನಿಂತು ಕೆಲಸ ಮಾಡುವ ಮೇಜು ಕೊಡಿಸುವ ಯೋಚನೆಯಲ್ಲಿದೆ. ದುಬಾರಿ. ಕೊಡಿಸಬಹುದೇ?

ಉತ್ತರ: ಕತ್ತು, ಸೊಂಟ ನೋಯುವವರಿಗೆ ಭಂಗಿ ಬದಲಿಸಲು ಒಂದು ಅವಕಾಶ, ಅಷ್ಟೇ. ತೂಕ ಇಳಿಯುತ್ತದೆಂದು ಕೊಡಿಸಬೇಡಿ. ಕೂರುವುದಕ್ಕೂ ನಿಲ್ಲುವುದಕ್ಕೂ ಖರ್ಚಾಗುವ ಶಕ್ತಿಯ ವ್ಯತ್ಯಾಸ ಗಂಟೆಗೆ ಹತ್ತು ಕ್ಯಾಲೊರಿಯೊಳಗೆ. ಹೆಚ್ಚೆಂದರೆ ಒಂದು ಬಾದಾಮಿ! ಅಲುಗದೆ ನಿಲ್ಲುವುದು ಇನ್ನೊಂದು ಬಗೆಯ ಶಿಕ್ಷೆ. ಕಾಲಿನ ರಕ್ತನಾಳಗಳು ಉಬ್ಬುತ್ತವೆ. ಸೀರೆ ಅಂಗಡಿಯ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಬೇಕಾಯಿತು. ಒಂದು ಕಡೆ ಕೂರುವ ಹಕ್ಕಿಗೆ ಹೋರಾಟ, ಇನ್ನೊಂದು ಕಡೆ ನಿಲ್ಲಲು ಲಕ್ಷಾಂತರ ರೂಪಾಯಿಯ ಮೇಜು. ಆ ಹಣದಲ್ಲಿ ನಿಮ್ಮ ಕಟ್ಟಡದ ಕತ್ತಲೆ ಮೆಟ್ಟಿಲಿಗೆ ದೀಪ ಹಾಕಿಸಿ, ಬೀಗ ತೆಗೆಸಿ.

ವಕೀಲ, ಮಂಗಳೂರು: ನಾನು ದಿನವೂ ಒಂದು ಗಂಟೆ ಬ್ಯಾಡ್ಮಿಂಟನ್ ಆಡುತ್ತೇನೆ. ಉಳಿದ ಹೊತ್ತು ಕಡತಗಳ ಮುಂದೆ. ನಾನೂ ಹೆದರಬೇಕೇ?

ಉತ್ತರ: ಬೇಡ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಳಗೊಂಡ 2016ರ ವಿಶ್ಲೇಷಣೆಯಲ್ಲಿ ದಿನಕ್ಕೆ 60ರಿಂದ 75 ನಿಮಿಷ ಮಧ್ಯಮ ಶ್ರಮ ಮಾಡುವವರಲ್ಲಿ ಎಂಟು ಗಂಟೆಗೂ ಹೆಚ್ಚು ಕುಳಿತದ್ದರಿಂದ ಸಾವಿನ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಆಡುತ್ತಿರಿ.

ಮನೆಯಿಂದ ಕೆಲಸ ಮಾಡುವ ಮಹಿಳೆ, ಶಿವಮೊಗ್ಗ: ಅಕ್ಕಾ, ಕಸ ಗುಡಿಸಿ, ನೆಲ ಒರೆಸಿ, ಅಡುಗೆ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಸಂಜೆ ಮತ್ತೆ ಅಡುಗೆ. ‘ನೀನು ವ್ಯಾಯಾಮವೇ ಮಾಡುವುದಿಲ್ಲ’ ಎಂದು ಯಜಮಾನರು ಹೇಳುತ್ತಾರೆ. ಮನೆಕೆಲಸ ಲೆಕ್ಕಕ್ಕೆ ಬರುವುದಿಲ್ಲವೇ?

ಉತ್ತರ: ಬರುತ್ತದಮ್ಮಾ. ಬಗ್ಗಿ ನೆಲ ಒರೆಸುವುದು ಮಧ್ಯಮ ಶ್ರಮದ ಕೆಲಸವೇ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರಷ್ಟೇ ಲೆಕ್ಕ ಎಂಬ ಹಳೆಯ ಷರತ್ತನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೈಬಿಟ್ಟಿದೆ. ನಿಮ್ಮ ಯಜಮಾನರಿಗೂ ವ್ಯಾಯಾಮ ಬೇಕಲ್ಲವೇ? ನೆಲ ಒರೆಸುವ ಪಾಳಿಯನ್ನು ವಾರದಲ್ಲಿ ಮೂರು ದಿನ ಅವರಿಗೆ ಕೊಡಿ.

ಮನೆಕೆಲಸ ಕೊಡದೇ ಇರುವುದು ಸ್ನಾಯುಬಲ. ಅದಕ್ಕೆಂದೇ ವಾರಕ್ಕೆ ಎರಡು ದಿನವಾದರೂ ಬೇರೆ ವ್ಯಾಯಾಮ ಬೇಕು, ಮಧ್ಯವಯಸ್ಸು ದಾಟುತ್ತಿರುವ ಹೆಂಗಸರಿಗಂತೂ ಬೇಕೇ ಬೇಕು. ಸಲಕರಣೆ ಬೇಡ. ನಮ್ಮ ಗರಡಿ ಮನೆಗಳು ನಡೆದದ್ದು ಹೆಚ್ಚಾಗಿ ದಂಡ, ಬಸ್ಕಿಗಳ ಮೇಲೆಯೇ. ಶಾಲೆಯಲ್ಲಿ ಮೇಷ್ಟರು ಬಸ್ಕಿಯನ್ನು ಶಿಕ್ಷೆ ಮಾಡಿ ಅದರ ಮರ್ಯಾದೆ ಕಳೆದರು. ಕುರ್ಚಿಯ ಮುಂದೆ ನಿಂತು, ಕೈ ಊರದೆ ಕುಳಿತು ಏಳಿ. ದಂಡಕ್ಕೆ ಬದಲು ಗೋಡೆಗೆ ಕೈಯೂರಿ ದೇಹವನ್ನು ತಳ್ಳಿ. ಗೋಡೆ ಸುಲಭವಾದರೆ ಅಡುಗೆ ಕಟ್ಟೆಯ ಅಂಚು ಹಿಡಿಯಿರಿ. ಕೊನೆಯ ಎರಡು ಮೂರು ಸಲ ಕಷ್ಟವೆನಿಸುವಷ್ಟು ಮಾಡಬೇಕು. ಹಾಯಾಗಿ ಮುಗಿದರೆ ಬಲ ಬೆಳೆಯುವುದಿಲ್ಲ.

ತಾಲ್ಲೂಕು ಕಚೇರಿ ನೌಕರ, ಗಂಗಾವತಿ: ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಊಟದ ನಂತರ ನಡೆಯಬಹುದೇ?

ಉತ್ತರ: ನಡೆಯಬಹುದು, ನಿಮಗೇ ಎಲ್ಲರಿಗಿಂತ ಹೆಚ್ಚು ಲಾಭ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಸಕ್ಕರೆ ತೀರಾ ಕೆಳಗಿಳಿಯುವ ಸಾಧ್ಯತೆಯಿದೆ. ವೈದ್ಯರಿಗೆ ಮೊದಲೇ ತಿಳಿಸಿ, ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಕೂಡಲೇ ತಿನ್ನಿ. ಪಾದ ಮರಗಟ್ಟಿದ್ದರೆ ಬರಿಗಾಲಿನಲ್ಲಿ ನಡೆಯಬೇಡಿ. ನಡೆಯುವಾಗ ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನನ್ನ ಮಾತನ್ನು ನಂಬುವ ಅಗತ್ಯವೂ ಇಲ್ಲ. ಒಂದು ದಿನ ಊಟ ಮಾಡಿ ಕುಳಿತಿರಿ, ಇನ್ನೊಂದು ದಿನ ಊಟ ಮಾಡಿ ಹದಿನೈದು ನಿಮಿಷ ನಡೆಯಿರಿ. ಎರಡೂ ದಿನ ಊಟ ಶುರುಮಾಡಿದ ಒಂದೂವರೆ ಗಂಟೆಗೆ ಸಕ್ಕರೆ ಅಳೆದು ಬರೆದಿಡಿ. ಅನ್ನದ ಪ್ರಮಾಣ ಮಾತ್ರ ಎರಡೂ ದಿನ ಒಂದೇ ಇರಲಿ.